ರೇಡಿಯೋಗೆ ಅರ್ಥ ಹೇಳುವ ಮಾಸ್ತರ

ಸೋಮಿ ಹಾಡುತ್ತಿರುವುದು ತನ್ನದೇ ಮಾತು ಎಂದು ಗೊತ್ತಾಗಲು ನಾಗಪತಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೂರನೇ ಇಯತ್ತೆಯ ಮಕ್ಕಳನ್ನು ಮಗ್ಗಿ ಹೇಳಿಕೊಳ್ಳಲು ಬಿಟ್ಟು ಅವನು ಕಿಟಕಿಯ ಹತ್ತಿರ ನಿಂತಿದ್ದ. ಶಾಲೆಯ ಹಿಂದಿನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಸೋಮಿ ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಎಳೆದು ಹೇಳುವುದು. ಮಾವಳ್ಳಿಯಲ್ಲಿ ಇದೇನು ಹೊಸದಲ್ಲ. ಯಾರ ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಎನ್ನುವುದರಿಂದ ಹಿಡಿದು ರಸ್ತೆಗೆ ಡಾಂಬರು ಬಂದದ್ದರ ತನಕ ಎಲ್ಲವೂ ಅವಳ ಬಾಯಲ್ಲಿ ಹಾಡಾಗುತ್ತಿತ್ತು.

ಭಟ್ಕಳ ಗುಡ್ಡದ ಮೇನೆ ದೀಪ ಯಾರದೇ ತಂಗಿ
ಕಡಲಾಗಿನ ಹಡಗೀಗೆ ಕಣ್ಣು ಹೊಡಿತದೆ

ಗುಡ್ಡ, ದೀಪ, ಹಡಗು ಮೂರೂ ನಾಗಪತಿಯವು. ಕಣ್ಣು ಹೊಡೆಯುವುದು ಸೋಮಿಯದು. ಮೊದಲು ಒಳಗೊಳಗೇ ಒಂದು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಹನ್ನೊಂದು ಊರು ವರ್ಗ ತಿರುಗಿದ ಮಾಸ್ತರಿಕೆಯಲ್ಲಿ ಅವನ ಒಂದು ಮಾತನ್ನೂ ಯಾರೂ ಇಷ್ಟು ಜತನದಿಂದ ಇಟ್ಟುಕೊಂಡದ್ದಿಲ್ಲ. ಅಷ್ಟರಲ್ಲಿ ಹಾಡು ಮುಂದುವರಿಯಿತು. ಬಟ್ಟೆ ಗಂಟಿನ ಸಾಯ್ಬ ಸಂಜೆಗೆಲ್ಲಿ ಹೋಗುತ್ತಾನೆ, ಗಂಟಿನೊಳಗಿನ ದೀಪ ಯಾರಿಗೆ ತೋರಿಸುತ್ತಾನೆ ಎಂದು ಅವಳು ಕೇಳಿದಳು, ಉಳಿದವರೂ ನಗುತ್ತಾ ಕೇಳಿದರು. ಇದನ್ನು ತಾನು ಹೇಳಿರಲಿಲ್ಲ. ತಾನು ಯಾವ ಸಾಯ್ಬನ ಹೆಸರನ್ನೂ ಎತ್ತಿರಲಿಲ್ಲ. ಹಾಗೆಂದು ಕಿಟಕಿಯಿಂದ ಕೂಗಿ ಹೇಳೋಣವೆಂದು ಬಾಯಿ ತೆರೆದರೆ ಹೇಳಬೇಕಾದದ್ದು ಅಷ್ಟೇ ಅಲ್ಲ, ಅದರ ಹಿಂದಿನದೂ ಇದೆ ಎಂದು ನೆನಪಾಗಿ, ಮಕ್ಕಳ ಕಡೆ ತಿರುಗಿ ಸುಮ್ಮನೆ ಬೆತ್ತ ಕುಟ್ಟಿದ. ಇವತ್ತು ಗುರುವಾರ. ಇವತ್ತೇ ಸಂಜೆಯ ಬಸ್ಸಿಗೆ ಶಾಬಂದ್ರಿ ಸಾಹೇಬರು ಬಟ್ಟೆ ಗಂಟು ಹೊತ್ತು ಬರುವುದು.

ಪಂಚಾಯ್ತಿಗೆ ರೇಡಿಯೋ ಬಂದು ಎರಡು ವರ್ಷವಾಗಿತ್ತು. ಸರಕಾರದ ಜೀಪು ಅದನ್ನು ಬ್ಯಾಟರಿ ಸಮೇತ ಇಳಿಸಿ, ಬೀಗದ ಕೈಯನ್ನು ಮಾಸ್ತರರ ಹತ್ತಿರ ಕೊಟ್ಟು ಹೋದ ದಿನ ಊರೆಲ್ಲ ಕೂಡಿತ್ತು. ಪೆಟ್ಟಿಗೆಯಿಂದ ಕನ್ನಡ ಬಂತು, ಆದರೆ ಅದು ದಿಲ್ಲಿಯ ಕನ್ನಡ. ಪ್ರಧಾನ ಮಂತ್ರಿಗಳು ಅಭಿಪ್ರಾಯಪಟ್ಟರು, ನಿಯೋಗ ಮನವಿ ಸಲ್ಲಿಸಿತು. ಎಲ್ಲ ಮುಗಿದ ಮೇಲೆ ಬೊಮ್ಮಯ್ಯ, ಊರಿನ ಹಿರಿಯ, ಎಲೆ ಅಡಿಕೆ ಉಗುಳಿ ಬಂದು ಕೂತು, "ಪದ ಚೊಲೋ ಆತು ಮಾಸ್ತರ್ರೇ, ಅರ್ಥ ಹೇಳಿ" ಎಂದಿದ್ದ. ತಾಳಮದ್ದಳೆಯಲ್ಲಿ ಭಾಗವತರು ಪದ ಹಾಡಿ ನಿಲ್ಲಿಸಿದ ಮೇಲೆ ಕೂತವರು ಅದನ್ನು ಮಾತಿನಲ್ಲಿ ಬಿಡಿಸಿ ಬೆಳೆಸುತ್ತಾರಲ್ಲ, ಹಾಗೆ. ಅವತ್ತಿನಿಂದ ಅದೇ ಪದ್ಧತಿಯಾಯಿತು. ದಿಲ್ಲಿಯವರು ಪದ ಹೇಳುವುದು, ನಾಗಪತಿ ಅರ್ಥ ಹೇಳುವುದು. ಊರವರ ಮಟ್ಟಿಗೆ ಪದ ನೆಪ ಮಾತ್ರ, ರಾತ್ರಿಯಿಡೀ ಕೂತು ಕೇಳುವುದು ಅರ್ಥವನ್ನೇ. ನಾಗಪತಿಯ ಮಟ್ಟಿಗಾದರೆ ಅದು ಹಳೆಯ ಒಂದು ಗಾಯಕ್ಕೆ ಮದ್ದು. ಇಪ್ಪತ್ತರ ವಯಸ್ಸಿನಲ್ಲಿ ಧಾರೇಶ್ವರದ ದೇವಸ್ಥಾನದ ಚಂದ್ರಶಾಲೆಯಲ್ಲಿ ಅವನನ್ನು ಕೃಷ್ಣಸಂಧಾನದ ವಿದುರನಿಗೆ ಕೂರಿಸಿದ್ದರು. ಎದುರಿಗಿದ್ದ ಕೌರವ ಒಂದು ಪ್ರಶ್ನೆ ಎಸೆದ. ನಾಗಪತಿಯ ಬಾಯಿ ಒಣಗಿತು. ಭಾಗವತರು ಪಾಪ ಇನ್ನೊಮ್ಮೆ ಪದ ಎತ್ತಿಕೊಟ್ಟರು, ಮತ್ತೂ ಮಾತು ಬರಲಿಲ್ಲ. ಯಾರೋ ಹಿಂದಿನಿಂದ, "ವಿದುರನಿಗೆ ಕುಡಿಯಲು ಆಸರಿಗೆ ಕೊಡಿ" ಎಂದರು. ಆ ನಗು ಈಗಲೂ ಸ್ನಾನ ಮಾಡುವಾಗ, ಉತ್ತರಪತ್ರಿಕೆ ತಿದ್ದುವಾಗ, ಏನೂ ಸಂಬಂಧವಿಲ್ಲದ ಹೊತ್ತಿನಲ್ಲಿ ಕೇಳಿಸುತ್ತಿತ್ತು.

ಪಾಕಿಸ್ತಾನದ ಸಂಗಡ ಯುದ್ಧ ಶುರುವಾದ ಮೇಲೆ ಕೇಳಲು ಬರುವ ಜನ ಇಮ್ಮಡಿಯಾದರು. ಗ್ರಾಮಸಭೆಗೆ ಒಮ್ಮೆಯೂ ತಲೆ ಹಾಕದ ದೋಣಿಯ ಜಟ್ಟಿ ಮುಂದಿನ ಸಾಲಿನಲ್ಲಿ ಬಂದು ಕೂರತೊಡಗಿದ. ಕರಾವಳಿಯಲ್ಲಿ ದೀಪ ಹೊರಗೆ ಕಾಣಬಾರದು ಎಂದು ಹುಕುಂ ಬಂದದ್ದರಿಂದ ಎಲ್ಲರೂ ಕತ್ತಲಲ್ಲೇ ಕೂರುವುದು. ಸರಿಯಾಗಿ ಅದೇ ಹೊತ್ತಿಗೆ ಬ್ಯಾಟರಿ ಬಡವಾಯಿತು. ದನಿ ದಿನದಿನಕ್ಕೆ ಇಳಿದು ಗುಂಗಾಡು ಹುಳದ ಸದ್ದಿನಷ್ಟಾಯಿತು. ಯುದ್ಧಕಾಲದಲ್ಲಿ ರೇಡಿಯೋ ದೊಡ್ಡ ದನಿಯಲ್ಲಿ ಹಾಕಬಾರದಂತೆ ಎಂದು ಹೇಳಿ ನಾಗಪತಿ ಅದನ್ನು ಒಳಗಿನ ಕೋಣೆಗೆ ಒಯ್ದ. ಕಿವಿಯಿಟ್ಟು ಕೇಳಿ, ಹೊರಗೆ ಬಂದು ಅರ್ಥ ಹೇಳತೊಡಗಿದ. ಯಾರಿಗೂ ಬೇಸರವಾಗಲಿಲ್ಲ. ಪದದ ಕಾಟವಿಲ್ಲದೆ ನೇರ ಅರ್ಥ ಸಿಕ್ಕಿದ್ದಕ್ಕೆ ಬೊಮ್ಮಯ್ಯನಿಗಂತೂ ಹಿತವೇ ಆಯಿತು. ಹಾಗಿರುವಾಗ ಒಂದು ಸಂಜೆ ಪೆಟ್ಟಿಗೆ ಪೂರ್ತಿ ಸತ್ತಿತು. ನಾಗಪತಿ ಕೋಣೆಯೊಳಗೆ ಆ ತಣ್ಣಗಿನ ಪೆಟ್ಟಿಗೆಗೆ ಕಿವಿ ಹಚ್ಚಿಕೊಂಡು ವಾರ್ತೆ ಮುಗಿಯುವಷ್ಟು ಹೊತ್ತು ಕೂತ. ಹೊರಗೆ ಜನರ ಕೆಮ್ಮು, ಎಲೆ ಚೀಲ ಬಿಚ್ಚುವ ಸದ್ದು. ರೇಡಿಯೋ ಸತ್ತಿದೆ, ಮನೆಗೆ ಹೋಗಿ ಎಂದರೆ ಮುಗಿಯುತ್ತಿತ್ತು. ಆದರೆ ಎದ್ದು ಹೋಗುವ ಆ ಕಾಲುಗಳ ಸದ್ದನ್ನು ಅವನು ತಾಳಲಾರ. ಹೊರಗೆ ಬಂದು ಗಣಪನ ಚಾದಂಗಡಿಯ ಹಳೆಯ ಪೇಪರಿನಲ್ಲಿ ಓದಿದ್ದನ್ನೇ ತಿರುಗಿಸಿ ಹೇಳಿದ. ಮರುದಿನವೂ ಹೇಳಿದ. ಮೂರನೇ ಸಂಜೆಗೆ ಜಟ್ಟಿ ಕತ್ತಲೊಳಗಿಂದ, "ಲಾಹೋರು ಗೀಹೋರು ಆತು ಮಾಸ್ತರ್ರೇ, ನಮ್ಮ ಬದಿಯದು ಎಂತದೂ ಇಲ್ವಾ?" ಎಂದು ಕೇಳಿದ. ಎದುರಿನ ಕೌರವ ಪ್ರಶ್ನೆ ಎಸೆದ ಹಾಗೇ ಇತ್ತು ಅದು. ನಾಗಪತಿಯ ಬಾಯಿ ಒಣಗಲಿಲ್ಲ. ಭಟ್ಕಳದ ಕಡೆ ಗುಡ್ಡದ ಮೇಲೆ ಯಾರೋ ಸಮುದ್ರದ ಹಡಗಿಗೆ ದೀಪ ತೋರಿಸುತ್ತಿದ್ದಾರೆಂದು ಗುಮಾನಿ ಇದೆಯಂತೆ ಎಂದ. ಕೆಮ್ಮು ನಿಂತಿತು. ಎಲೆ ಅಗಿಯುವುದು ನಿಂತಿತು. ಆ ನಿಶ್ಶಬ್ದದ ರುಚಿ ಎಂಥದೆಂದು ವಿದುರನಾಗಿ ಸೋತವನಿಗೆ ಮಾತ್ರ ಗೊತ್ತು.

ಮಧ್ಯಾಹ್ನ ಊಟಕ್ಕೆ ಬಂದವನಿಗೆ ಹೆಂಡತಿ ವನಮಾಲಾ ತಂಬುಳಿ ಬಡಿಸುತ್ತಾ, "ಇವತ್ತಾದ್ರೂ ಹೇಳಿಬಿಡಿ. ರೇಡಿಯೋ ಸತ್ತೋಯ್ದು ಹೇಳಿ" ಎಂದಳು. ಪಂಚಾಯ್ತಿ ಕೋಣೆ ಗುಡಿಸಲು ಹೋದಾಗ ಅವಳು ಗುಂಡಿ ತಿರುಗಿಸಿ ನೋಡಿದ್ದಳು.

"ಹೇಳ್ತೆ. ಬ್ಯಾಟ್ರಿ ಬರ್ಲಿ."

"ಬ್ಯಾಟ್ರಿ ಬಂದ್ಮೇಲೆ ಹೇಳಲೆ ಎಂತ ಇದ್ದು?" ಎಂದು ಅವಳು ಸಾರಿನ ಪಾತ್ರೆ ಕುಕ್ಕಿದಳು. "ಜಟ್ಟಿ ಹೆಂಡತಿ ಇವತ್ತು ಬಾವಿಕಟ್ಟೆಲಿ ಹೇಳ್ತಿತ್ತು. ಸಾಯ್ಬನ ಗಂಟು ಬಿಚ್ಚಿ ನೋಡ್ತ್ವಡ."

ಅವಳ ಮುಖ ನೋಡಲಾಗದೆ ನಾಗಪತಿ ಎಲೆಯ ಮೇಲಿನ ಅನ್ನವನ್ನು ಕಲಸಿದ್ದೇ ಕಲಸಿದ. ಬ್ಯಾಟರಿ ತರಲು ಹೇಳಿ ಕಳಿಸಿದ್ದು ಶಾಬಂದ್ರಿ ಸಾಹೇಬರ ಹತ್ತಿರವೇ. ಅವರ ಭಾವನ ಅಂಗಡಿ ಭಟ್ಕಳದ ಪೇಟೆಯಲ್ಲಿತ್ತು. ಭಟ್ಕಳದ ಬಸ್ಸಿನ ಕಂಡಕ್ಟರನಿಗೆ, ಯಾರಿಗೂ ಕೇಳದ ಹಾಗೆ, ಪೂರ್ತಿ ಸತ್ತುಹೋಗಿದೆ, ಊರಿಗೆ ಸುದ್ದಿಯೇ ಇಲ್ಲ, ಒಂದು ಬ್ಯಾಟರಿ, ಏರಿಯಲ್‌ಗೆ ಒಂದಷ್ಟು ತಂತಿ, ಬೇಗ ಎಂದು ಹೇಳಿದ್ದ. ಅದು ಗುಡ್ಡದ ದೀಪಕ್ಕಿಂತ ಮುಂಚೆಯೋ ಆಮೇಲೆಯೋ ಎಂದು ಈಗ ಲೆಕ್ಕ ಹಾಕಿದರೆ ತಲೆ ಗಿರ್ರೆನ್ನುತ್ತಿತ್ತು. ಸಾಹೇಬರು ಅವನಿಗೆ ಏನು ಕೆಡುಕು ಮಾಡಿದ್ದರು? ವನಮಾಲಾಳ ಮೈಮೇಲಿನ ನೀಲಿ ಸೀರೆ ಅವರ ಗಂಟಿನದು. ಅವಳಿಗೆ ಹೆರಿಗೆಯಲ್ಲಿ ಮಗು ತೀರಿಕೊಂಡ ವರ್ಷ ಸಾಹೇಬರು ಮನೆಯ ಮುಂದಿನ ಪಡಿಮಾಡದ ಹೊರಗೇ ನಿಂತು, ಗಂಟು ಬಿಚ್ಚದೆ, ನೀರು ಕೇಳಿ ಕುಡಿದು, ಏನೂ ಹೇಳದೆ ಹೋಗಿದ್ದರು. ಹೇಳದೆ ಹೋದದ್ದೇ ದೊಡ್ಡ ಮಾತಾಗಿತ್ತು. ಹೇಳಿಬಿಡುತ್ತೇನೆ, ಬಸ್ಸು ಬರುವುದರೊಳಗೇ ಹೇಳಿಬಿಡುತ್ತೇನೆ ಎಂದುಕೊಂಡು ನಾಗಪತಿ ಕೈ ತೊಳೆದ.

ಶಾಲೆ ಬಿಟ್ಟಮೇಲೆ ಹೆದ್ದಾರಿಯ ಕಡೆ ನಡೆಯುವಾಗ ಮಾತು ಹೊಂದಿಸುತ್ತಲೇ ಹೋದ. ಗಣಪನ ಅಂಗಡಿಯ ಮುಂದೆ ಆಗಲೇ ಜನ ಇದ್ದರು. ಜಟ್ಟಿ ಮತ್ತು ದೀಪದ ಸುದ್ದಿ ಕೇಳಿದ ಮೇಲೆ ಅವನು ಕಟ್ಟಿದ್ದ ಕಾವಲು ಪಡೆಯ ಹುಡುಗರ ಕೈಯಲ್ಲಿ ದೋಣಿಯ ಹುಟ್ಟು. ಗದ್ದೆಯಿಂದ ಬರುತ್ತಿದ್ದ ಹೆಂಗಸರೂ ಕೆಸರುಗಾಲಲ್ಲಿ ನಿಂತಿದ್ದರು. ಮಾಸ್ತರರನ್ನು ಕಂಡೊಡನೆ ಬೆಂಚಿನ ಮೇಲಿದ್ದವರು ಎದ್ದು ಜಾಗ ಬಿಟ್ಟರು. ಬೊಮ್ಮಯ್ಯ, "ನೀವೇ ಬಂದದ್ದು ಚೊಲೋ ಆತು" ಎಂದ. ಆ ಎದ್ದು ನಿಂತದ್ದು ನಾಗಪತಿಯ ಹೊಂದಿಸಿದ ಮಾತನ್ನೆಲ್ಲ ಕೆಡಿಸಿತು. ಕೂತವರಿಗೆ ಹೇಳಬಹುದಿತ್ತೇನೋ, ಎದ್ದು ನಿಂತವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗಲೇ ಬಸ್ಸು ಬಂದು ನಿಂತಿತು. ಸಾಹೇಬರು ಎಂದಿನಂತೆ ಹಿಂದಿನ ಬಾಗಿಲಿನಿಂದ ಮೊದಲು ಗಂಟು ಇಳಿಸಿ, ಆಮೇಲೆ ತಾವು ಇಳಿದರು. "ಬನ್ನಿ ಸಾಯ್ಬ್ರೇ, ಚಾ ಕುಡೀರಿ" ಎಂದು ಪ್ರತಿ ವಾರ ಕೂಗುವ ಗಣಪ ಇವತ್ತು ತೊಳೆದ ಗ್ಲಾಸನ್ನೇ ಮತ್ತೆ ತೊಳೆಯುತ್ತಿದ್ದ.

"ಸಾಯ್ಬ್ರೇ, ಗಂಟು ಬಿಚ್ಚಿ" ಎಂದ ಜಟ್ಟಿ.

"ಇಲ್ಲೇ ಬಿಚ್ಚುದಾ? ಮಣ್ಣಾತದೆ ಮಾರಾಯ. ನಿನ್ನ ಹೆಂಡ್ತಿಗೆ ಚೌಕುಳಿ ಸೀರೆ ತಂದಿದ್ದೆ, ಮನೆಗೇ ತತ್ತೆ" ಎಂದು ಸಾಹೇಬರು ನಕ್ಕರು. ಯಾರೂ ನಗದಿದ್ದಾಗ ಅವರ ನಗು ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಉಳಿಯಿತು. ಯಾರೋ ಗಂಟು ಎಳೆದರು. ಸಾಹೇಬರು ಬಗ್ಗಿದರು, ಟೊಪ್ಪಿ ಕೆಳಗೆ ಬಿತ್ತು. ಅವರ ಬೋಳು ತಲೆಯನ್ನು ನಾಗಪತಿ ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ನೋಡಬಾರದ್ದನ್ನು ನೋಡಿದಂತಾಗಿ ಕಣ್ಣು ತಪ್ಪಿಸಿದ. ಸೀರೆ, ಪಂಚೆಗಳ ನಡುವಿನಿಂದ ಇಟ್ಟಿಗೆಗಿಂತ ದಪ್ಪದ ಕೆಂಪು ರಟ್ಟಿನ ಪೆಟ್ಟಿಗೆ ಉರುಳಿತು. ಅದರ ಹಿಂದೆ ತಾಮ್ರದ ತಂತಿಯ ಸುರುಳಿ.

"ಕಂಡ್ರ್ಯಾ?" ಜಟ್ಟಿಯ ದನಿ ಏರಿತು. "ಇದ್ರಾಗೆ ಮಾತಾಡಿರೆ ಕರಾಚಿಗೆ ಕೇಳ್ತದೆ. ಪೊಲೀಸ್ರ ಕೈಗೆ ಕೊಡುಕೂ ಮೊದ್ಲು ನಾಲ್ಕು ಹಾಕ್ಬೇಕು ಇವಂಗೆ."

"ಅಯ್ಯೋ, ಅದು ನಿಮ್ದೇ ರೇಡಿಯೋದ್ದು! ಮಾಸ್ತರ್ರು ಹೇಳಿ ಕಳ್ಸಿದ್ರು. ಕೇಳಿ ಬೇಕಾರೆ, ಇಲ್ಲೇ ಇದ್ರಲ್ಲ." ಸಾಹೇಬರು ಒಂದು ಕೈಯನ್ನು ತಲೆಯ ಮೇಲಿಟ್ಟುಕೊಂಡು ಇನ್ನೊಂದರಲ್ಲಿ ನಾಗಪತಿಯನ್ನು ತೋರಿಸಿದರು.

ಎಲ್ಲರೂ ತಿರುಗಿದರು. ನಾಗಪತಿ "ಹೌದು" ಎಂದ. ಅಷ್ಟು ಹೇಳಿದ್ದಕ್ಕೇ ಬೆವರಿದ. "ನಾನೇ ತರಿಸಿದ್ದು. ಹಳೇ ಬ್ಯಾಟ್ರಿ ಸ್ವಲ್ಪ ಬಡವಾಯ್ದು."

"ಸ್ವಲ್ಪ ಎಂತದು?" ಸಾಹೇಬರಿಗೆ ಜೀವ ಬಂದಂತಾಯಿತು. "ಪೂರ್ತಿ ಸತ್ತೋಗದೆ, ಊರಿಗೆ ಸುದ್ದಿಯೇ ಇಲ್ಲ, ಬೇಗ ತನ್ನಿ ಅಂದ್ರಂತಲ್ಲ. ಕಂಡಕ್ಟರ್ ಹೇಳ್ದ."

ಬೊಮ್ಮಯ್ಯ ನಿಧಾನವಾಗಿ ಮಾಸ್ತರರನ್ನು ನೋಡಿದ. ಊರಿಗೆ ಸುದ್ದಿಯೇ ಇಲ್ಲ ಎಂದರೆ, ಇಷ್ಟು ಸಂಜೆ ಕೇಳಿದ್ದು ಎಂತದು? ಪ್ರಶ್ನೆ ಬೊಮ್ಮಯ್ಯನ ಹಣೆಯ ಗೆರೆಗಳಲ್ಲಿ ಇನ್ನೂ ಹುಟ್ಟುತ್ತಿತ್ತು. ಚಂದ್ರಶಾಲೆಯ ನಗು ಕಿವಿಯಲ್ಲಿ ಶುರುವಾಗುವ ಮೊದಲೇ ನಾಗಪತಿ, "ಕಂಡಕ್ಟರನಿಗೆ ಎಂತ ಗೊತ್ತು? ನಾನು ಹಾಗೆ ಹೇಳಿಲ್ಲ" ಎಂದುಬಿಟ್ಟ.

ಸಾಹೇಬರು ಅವನನ್ನೇ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಪಡಿಮಾಡದ ಹೊರಗೆ ನೀರು ಕುಡಿದು ಹೊರಡುವಾಗ ನೋಡಿದ್ದರಲ್ಲ, ಅದೇ ಕಣ್ಣು. "ಆತು ಮಾಸ್ತರ್ರೇ. ನೀವು ಹೇಳಿಲ್ಲ" ಎಂದು ಕೂತು, ಕೆಸರಾದ ಬಟ್ಟೆಗಳನ್ನು ಒಂದೊಂದಾಗಿ ಮಡಿಸತೊಡಗಿದರು. ಮಾಸ್ತರರು ತರಿಸಿದ್ದೆಂದ ಮೇಲೆ ಹೊಡೆಯುವ ಹಾಗಿರಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ. ಜಟ್ಟಿ ಹುಟ್ಟನ್ನು ನೆಲಕ್ಕೆ ಕುಟ್ಟುತ್ತಾ, ಇನ್ನು ಈ ಊರಿಗೆ ಕಾಲಿಟ್ಟರೆ ನೋಡು ಎಂದ. ಸೋಮಿ ಟೊಪ್ಪಿಯನ್ನು ಎತ್ತಿ, ಸೆರಗಿನಿಂದ ಮಣ್ಣು ಒರೆಸಿ, ಕೈಗೆ ಕೊಡದೆ ಗಂಟಿನ ಮೇಲಿಟ್ಟು ಹಿಂದೆ ಸರಿದಳು. ಸಾಹೇಬರು ಬ್ಯಾಟರಿಯನ್ನು ನಾಗಪತಿಯ ಕಾಲ ಬುಡದಲ್ಲಿಟ್ಟು, ಭಟ್ಕಳಕ್ಕೆ ತಿರುಗಿ ಹೋಗುವ ಬಸ್ಸಿಗಾಗಿ ರಸ್ತೆಯ ಆಚೆ ಹೋಗಿ ನಿಂತರು. ಒಬ್ಬ ಮನುಷ್ಯ ಬಸ್ಸಿಗೆ ಕಾಯುವುದು ಅಷ್ಟು ಕಷ್ಟದ ಕೆಲಸವೆಂದು ನಾಗಪತಿಗೆ ಅವತ್ತೇ ಗೊತ್ತಾದದ್ದು. ರಸ್ತೆ ದಾಟಿ ಅವರ ಹತ್ತಿರ ಹೋಗಿ ನಿಲ್ಲಲು ಹತ್ತು ಮಾರೂ ಇರಲಿಲ್ಲ. ಅವನು ಬ್ಯಾಟರಿಯನ್ನು ಎದೆಗವಚಿಕೊಂಡು ಊರ ಕಡೆ ನಡೆದ.

ವನಮಾಲಾ ಬಾಗಿಲಲ್ಲಿ ನಿಂತಿದ್ದಳು. ಅವನ ಮುಖ ನೋಡಿ ಒಳಗೆ ಹೋದಳು. ನಾಗಪತಿ ಪಂಚಾಯ್ತಿ ಕೋಣೆಯಲ್ಲಿ ಬ್ಯಾಟರಿ ಜೋಡಿಸಿದ, ಹೊಸ ತಂತಿ ಎಳೆದ. ಗುಂಡಿ ತಿರುಗಿಸಿದ್ದೇ ಪೆಟ್ಟಿಗೆ ಗದರಿಸಿದಂತೆ ಮಾತಾಡಿತು, ಅವನು ಹೆದರಿ ಕೈ ಹಿಂತೆಗೆದ. ಆಮೇಲೆ ಒಂದು ಆಸೆ ಹುಟ್ಟಿತು. ತಾನು ಹೇಳಬೇಕಾದದ್ದೇ ಇಲ್ಲ, ಇದೇ ಹೇಳುತ್ತದೆ. ಇದನ್ನು ಹೊರಗಿಟ್ಟು ದೊಡ್ಡ ದನಿಯಲ್ಲಿ ಹಾಕಿದರೆ ಭಟ್ಕಳವೂ ಇಲ್ಲ, ದೀಪವೂ ಇಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. ನಾಳೆ ಮೊದಲ ಬಸ್ಸಿಗೆ ಭಟ್ಕಳಕ್ಕೆ ಹೋಗಿ ಸಾಹೇಬರನ್ನು ಕರೆದುಕೊಂಡು ಬರುತ್ತೇನೆ. ಕತ್ತಲಾಗುವ ಹೊತ್ತಿಗೆ ಜನ ಬಂದು ಕೂತಾಗ ಅವನು ರೇಡಿಯೋವನ್ನು ಜಗಲಿಯ ಮೇಲಿಟ್ಟಿದ್ದ.

ವಾರ್ತೆ ಸ್ಪಷ್ಟವಾಗಿ ಬಂತು. ಗಡಿಯ ಸುದ್ದಿ, ದಿಲ್ಲಿಯ ಸುದ್ದಿ, ವಿಶ್ವಸಂಸ್ಥೆಯ ಸುದ್ದಿ. ನಾಗರಿಕರು ಗಾಳಿಸುದ್ದಿಗಳಿಗೆ ಕಿವಿಗೊಡಬಾರದು, ನೆರೆಹೊರೆಯವರೊಡನೆ ಸೌಹಾರ್ದದಿಂದಿರಬೇಕು ಎಂದೂ ಬಂತು. ನಾಗಪತಿ ಕತ್ತಲಲ್ಲಿ ಮುಖಗಳನ್ನು ಹುಡುಕಿದ. ಜನ ಅತ್ತಿತ್ತ ಮಿಸುಕಾಡುತ್ತಿದ್ದರು.

"ಇದೆಂತ ರೇಡಿಯೋ ಮಾರಾಯ್ರೆ?" ಎಂದ ಬೊಮ್ಮಯ್ಯ. "ನಮ್ಮ ಬದಿಯದು ಒಂದೂ ಇಲ್ಲ. ಮೊದ್ಲು ಎಷ್ಟು ಚೊಲೋ ಹೇಳ್ತಿತ್ತು."

"ಬ್ಯಾಟ್ರಿ ಯಾರದು ನೋಡು" ಎಂದ ಜಟ್ಟಿ. "ಸಾಯ್ಬನ ಬ್ಯಾಟ್ರಿ ಹಾಕಿರೆ ಸಾಯ್ಬನ ಮಾತೇ ಹೇಳುದು. ಸೌಹಾರ್ದ ಅಂತೆ!"

ಎಲ್ಲರಿಗೂ ಅದು ಸರಿ ಕಂಡಿತು. ಹೌದಲ್ಲ ಎನ್ನುವ ಉಸಿರು ಸಾಲಿನಿಂದ ಸಾಲಿಗೆ ಹೋಯಿತು. ನಾಗಪತಿ ಎದ್ದು ನಿಂತ. ಹೇಳಬೇಕಾದದ್ದು ಯಾವ ಹೊಂದಿಕೆಯೂ ಇಲ್ಲದೆ ಹೊರಗೆ ಬಿತ್ತು. "ಇಷ್ಟು ದಿನ ರೇಡಿಯೋ ಸತ್ತಿತ್ತು. ಸಾಹೇಬರು ಹೇಳಿದ್ದು ಖರೆ. ಭಟ್ಕಳದ ದೀಪ ನಾನು ಮಾಡಿ ಹೇಳಿದ್ದು. ನಾನೇ ಹೇಳಿದ್ದು."

ರೇಡಿಯೋದಲ್ಲಿ ಯಾರೋ ಪಿಟೀಲು ನುಡಿಸುತ್ತಿದ್ದರು. ಈಗ ಎದ್ದು ಹೊಡೆಯುತ್ತಾರೆ, ಉಗುಳುತ್ತಾರೆ, ಏನಾದರೂ ಆಗಲಿ ಎಂದು ನಾಗಪತಿ ಕಣ್ಣು ಮುಚ್ಚಿದ. ಬೊಮ್ಮಯ್ಯ ತನ್ನವರ ಕಡೆ ತಿರುಗಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ. "ಮಾಸ್ತರ್ರ ಮನಸ್ಸು ಗೊತ್ತಲ್ಲ. ಸಾಯ್ಬನ ಕಂಡು ಕರುಳು ಚುರ್ ಅಂದದೆ. ತನ್ನ ತಲೆ ಮೇನೆ ಹಾಕ್ಕಂಡ್ರು. ಇಂಥವ್ರು ಎಲ್ಲಿದ್ರು ಹೇಳು?"

"ದೇವ್ರಂಥವ್ರು" ಎಂದಳು ಸೋಮಿ.

"ನಾನು ಸುಳ್ಳು ಹೇಳಿದೆ!" ನಾಗಪತಿ ಕೂಗಿದ. ಕಣ್ಣಲ್ಲಿ ನೀರು ಬಂದಿತ್ತು. ಅದನ್ನೂ ಅವರು ಸಾಹೇಬರ ಲೆಕ್ಕಕ್ಕೇ ಹಾಕಿರಬೇಕು, ಯಾರೋ ಚ್ಚು ಚ್ಚು ಎಂದರು. ಜಟ್ಟಿ ಎದ್ದು ಬಂದು, ಮಾಸ್ತರರ ಹೆಗಲನ್ನು ಗೌರವದಿಂದ ಮುಟ್ಟಿ, ರೇಡಿಯೋದ ತಂತಿಯನ್ನು ಕಿತ್ತ. ಪಿಟೀಲು ನಿಂತಿತು.

"ಆತು ಮಾಸ್ತರ್ರೇ" ಎಂದ ಬೊಮ್ಮಯ್ಯ, ಕಾಲು ಮಡಚಿ ಸರಿಯಾಗಿ ಕೂರುತ್ತಾ. "ಇನ್ನು ಅರ್ಥ ಹೇಳಿ."

ಯಾರೂ ಕೆಮ್ಮಲಿಲ್ಲ, ಎಲೆ ಅಗಿಯಲಿಲ್ಲ. ದೂರದಲ್ಲಿ ಸಮುದ್ರದ ಸದ್ದು, ಅದು ಬಿಟ್ಟರೆ ಕತ್ತಲಲ್ಲಿ ಅವನಿಗಾಗಿ ಕಾಯುತ್ತಿದ್ದ ಊರು. ಬಾಯಿ ಒಣಗಲಿ ಎಂದು ನಾಗಪತಿ ಧಾರೇಶ್ವರದ ದೇವರನ್ನೇ ಬೇಡಿಕೊಂಡ. ಚಂದ್ರಶಾಲೆಯಲ್ಲಿ ಒಣಗಿತ್ತಲ್ಲ, ಹಾಗೆ ಒಂದು ಸಲ ಒಣಗಲಿ. ಆದರೆ ಬಾಯಿ ಒಣಗಿರಲಿಲ್ಲ. ಮೊದಲ ವಾಕ್ಯ ಆಗಲೇ ಸಿದ್ಧವಾಗಿ ನಾಲಗೆಯ ತುದಿಗೆ ಬಂದು ಕೂತಿತ್ತು.